ಊಟಿ ಬಸ್ಸು ಹತ್ತುವ ಮುಂಚೆ: ನೀಲಗಿರಿ ಪ್ರವಾಸದ ಇನ್ನೂರು ವರ್ಷದ ಕಥೆ

ದೇಶ ಸುತ್ತು, ಕೋಶ ಓದು ಎಂಬ ಗಾದೆಯನ್ನು ನಾವೆಲ್ಲ ಮಕ್ಕಳಿಗೆ ಹೇಳಿಕೊಡುತ್ತೇವೆ. ಡಿಸೆಂಬರ್, ಜನವರಿ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಎಲ್ಲಿಗೆ ಹೋಗೋಣ ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಕ್ಕಳು "ಊಟಿ ಸಾರ್" ಎನ್ನುತ್ತಾರೆ. ನಮ್ಮ ತಾಳವಾಡಿ ಕಡೆಯ ಮಕ್ಕಳಿಗೂ ಅಷ್ಟೇ, ಗಡಿಯ ಆಚೆ ಚಾಮರಾಜನಗರ, ಗುಂಡ್ಲುಪೇಟೆಯ ಮಕ್ಕಳಿಗೂ ಅಷ್ಟೇ. ಸುತ್ತಲೂ ಕಾಡೇ ಇರುವ ಊರಿನ ಮಕ್ಕಳು ಇನ್ನೊಂದು ಕಾಡು ದಾಟಿ ಬೆಟ್ಟ ನೋಡಲು ಹೋಗುತ್ತಾರೆ!

ಹೋಗಬಾರದೆಂದು ನಾವು ಹೇಳುತ್ತಿಲ್ಲ, ಖಂಡಿತ ಹೋಗಬೇಕು. ಆದರೆ ದೇಶ ಸುತ್ತುವ ಮುಂಚೆ ಆ ದೇಶದ ಕೋಶವನ್ನು ಸ್ವಲ್ಪ ಓದಿಕೊಂಡು ಹೋದರೆ ನೋಡುವ ಕಣ್ಣು ಬೇರೆಯಾಗುತ್ತದೆ. ನೀಲಗಿರಿಯಲ್ಲಿ ಪ್ರವಾಸ ಎಂಬುದು ಹೇಗೆ ಶುರುವಾಯಿತು? ಅಲ್ಲಿಗೆ ಹೋದವರು ಬೆಟ್ಟಕ್ಕೆ ಏನು ಮಾಡಿದರು? ಕಾಡನ್ನು ಕಾಯುವ ನಿಯಮಗಳು ಯಾವಾಗ, ಏಕೆ ಬಂದವು? ಇದನ್ನು ಮಕ್ಕಳಿಗೂ ಸಹೋದ್ಯೋಗಿಗಳಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆದಿದ್ದೇವೆ.

ಶಾಸನದಲ್ಲಿ ನೀಲಗಿರಿ

ನೀಲಗಿರಿಯ ಚರಿತ್ರೆ ಇಂಗ್ಲಿಷರಿಂದ ಆರಂಭವಾಯಿತು ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಈ ಬೆಟ್ಟದ ಹೆಸರು ಬರುವ ಬಹಳ ಹಳೆಯ ಬರಹಗಳಲ್ಲಿ ಒಂದು ನಮ್ಮ ಪಕ್ಕದಲ್ಲೇ, ಚಾಮರಾಜನಗರದ ಪಾರ್ಶ್ವನಾಥ ಬಸದಿಯ ಕನ್ನಡ ಶಾಸನದಲ್ಲಿದೆ. ಅದರ ಕಾಲ ಕ್ರಿ.ಶ. 1117. ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಪುಣಿಸ ತೋದರನ್ನು ಹೆದರಿಸಿ ನೀಲಗಿರಿಯನ್ನು ವಶಪಡಿಸಿಕೊಂಡ ಎಂಬ ವಿಷಯ ಅದರಲ್ಲಿದೆ. ಅಂದರೆ ಸುಮಾರು 900 ವರ್ಷಗಳ ಹಿಂದೆಯೇ ಆ ಬೆಟ್ಟದ ಮೇಲೆ ತೋದರು ಇದ್ದರು, ಅವರ ಹೆಸರು ಬಯಲುಸೀಮೆಯ ಕನ್ನಡಿಗರಿಗೆ ಗೊತ್ತಿತ್ತು. ಇನ್ನೂ ಒಂದು ವಿಷಯ ಗಮನಿಸಬೇಕು. ಹೊರಗಿನವರು ಬೆಟ್ಟ ಹತ್ತಿದ್ದರ ಬಗ್ಗೆ ನಮಗೆ ಸಿಗುವ ಈ ಹಳೆಯ ಬರಹದಲ್ಲೇ ಬೆಟ್ಟದ ಜನರನ್ನು ಹೆದರಿಸಿದ ಮಾತು ಇದೆ.

ತೋದರ ಜತೆಗೆ ಕೋತರು, ಕುರುಂಬರು, ಇರುಳರು, ಪಣಿಯರು, ಕಾಟ್ಟುನಾಯಕರು ಆ ಬೆಟ್ಟದ ಮೇಲೂ ತಪ್ಪಲಿನಲ್ಲೂ ಬಾಳಿದವರು. ಆಮೇಲೆ ಬಂದವರು ಬಡಗರು. ಬಡಗು ಎಂದರೆ ಉತ್ತರ. ಮೈಸೂರು ಸೀಮೆಯಿಂದ, ಅಂದರೆ ಬಡಗಣ ದಿಕ್ಕಿನಿಂದ ಬಂದವರಾದ್ದರಿಂದ ಈ ಹೆಸರು. ವಿಜಯನಗರ ಬಿದ್ದ ನಂತರದ ಕಾಲದಲ್ಲಿ ಬಂದರೆಂದು ಹಲವರು ಹೇಳುತ್ತಾರೆ. ಅವರ ಮಾತು ಕನ್ನಡಕ್ಕೆ ಬಹಳ ಹತ್ತಿರ. ಊಟಿಗೆ ಹೋದವರೆಲ್ಲ ನೋಡುವ ದೊಡ್ಡಬೆಟ್ಟ ಎಂಬ ಹೆಸರನ್ನೇ ನೋಡಿ. 2,637 ಮೀಟರ್ ಎತ್ತರದ ಆ ಶಿಖರದ ಹೆಸರಿನ ಅರ್ಥವನ್ನು ನಮ್ಮ ಒಂದನೇ ತರಗತಿಯ ಮಗುವೂ ಹೇಳುತ್ತದೆ.

ಬೆಟ್ಟದ ಮಕ್ಕಳ ಕಟ್ಟುಪಾಡು

ಇವರೆಲ್ಲ ಕಾಡನ್ನು ಬಳಸದೆ ಬಿಟ್ಟವರಲ್ಲ. ತೋದರು ಎಮ್ಮೆ ಸಾಕಿದರು. ಕೋತರು ಮಡಕೆ, ಕಬ್ಬಿಣದ ಸಾಮಾನು ಮಾಡಿದರು, ಹಬ್ಬ ಸಾವುಗಳಿಗೆ ವಾದ್ಯ ನುಡಿಸಿದರು. ಕುರುಂಬರು ಜೇನು, ಕಾಡಿನ ಔಷಧಿ ತಂದರು. ಬಡಗರು ಬೇಸಾಯ ಮಾಡಿ ಧಾನ್ಯ ಕೊಟ್ಟರು. ಹಣವಿಲ್ಲದೆ ಕೊಡು ಕೊಳ್ಳು ನಡೆಯುತ್ತಿತ್ತು. ಹೀಗೆ ನೂರಾರು ವರ್ಷ ಬಳಸಿಯೂ ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳಿಯಿತು, ಶೋಲಾ ಕಾಡು ಶೋಲಾ ಆಗಿಯೇ ಉಳಿಯಿತು.

ಶೋಲಾ ಎಂದರೇನು ಎಂದು ಮಕ್ಕಳು ಕೇಳಬಹುದು. ನೀಲಗಿರಿಯ ಮೇಲ್ಭಾಗದಲ್ಲಿ ದಿಣ್ಣೆಗಳ ಮೇಲೆ ಬರೀ ಹುಲ್ಲು ಬೆಳೆಯುತ್ತದೆ. ಎರಡು ದಿಣ್ಣೆಗಳ ನಡುವಿನ ಕಣಿವೆಯಲ್ಲಿ ಮಾತ್ರ ಕುಳ್ಳಗಿನ ಮರಗಳು ಒತ್ತೊತ್ತಾಗಿ ಇರುತ್ತವೆ. ಆ ಮರಗಳ ಗುಂಪೇ ಶೋಲಾ. ಮಳೆಗಾಲದಲ್ಲಿ ಬಿದ್ದ ನೀರನ್ನು ಈ ಹುಲ್ಲು, ಈ ಕಾಡು ಹತ್ತಿಯಂತೆ ಹೀರಿಕೊಂಡು ಬೇಸಗೆಯಲ್ಲಿ ತೊಟ್ಟು ತೊಟ್ಟಾಗಿ ಬಿಡುತ್ತವೆ. ಪೈಕಾರ ಹೊಳೆ ಹುಟ್ಟುವುದು ಹೀಗೆ. ಅದೇ ಕೆಳಗಿಳಿದು ಮೋಯಾರ್ ಆಗಿ, ಮುದುಮಲೆ ಬಂಡೀಪುರಗಳ ನಡುವೆ ಹರಿದು, ಭವಾನಿಸಾಗರ ಸೇರುತ್ತದೆ. ಬೆಟ್ಟದ ಮೇಲಿನ ಹುಲ್ಲು ಹಾಳಾದರೆ ಕೆಳಗಿನ ಗದ್ದೆ ಒಣಗುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ.

ತೋದರಿಗೆ ಮುಕುರ್ತಿ ಶಿಖರ ಪವಿತ್ರ. ಸತ್ತವರ ಆತ್ಮ ಆ ಶಿಖರದ ದಾರಿಯಲ್ಲಿ ಪರಲೋಕಕ್ಕೆ ಹೋಗುತ್ತದೆ ಎಂಬುದು ಅವರ ನಂಬಿಕೆ. ಅಂಥ ಜಾಗಕ್ಕೆ ಯಾರೂ ಗಲಾಟೆ ಮಾಡುತ್ತಾ ಹೋಗುವುದಿಲ್ಲ. ನಮ್ಮ ಊರುಗಳ ದೇವರ ಕಾಡಿನಲ್ಲಿ ಚಪ್ಪಲಿ ಬಿಟ್ಟು ನಡೆಯುವುದು, ಕಡ್ಡಿ ಮುರಿಯದಿರುವುದು ಇದ್ದಂತೆಯೇ ಅದು. ಬರೆದ ಕಾನೂನು ಇರಲಿಲ್ಲ, ಕಟ್ಟುಪಾಡು ಇತ್ತು.

ಸಲ್ಲಿವನ್ ಸಾಹೇಬರು ಬಂದರು

1603ರಲ್ಲಿ ಫೆನಿಸಿಯೋ ಎಂಬ ಪಾದ್ರಿ ಕೇರಳದ ಕಡೆಯಿಂದ ಬೆಟ್ಟ ಹತ್ತಿ ತೋದರನ್ನೂ ಬಡಗರನ್ನೂ ಕಂಡು ಬರೆದಿಟ್ಟಿದ್ದಾನೆ. ಅದಾದ ಮೇಲೆ ಎರಡು ಶತಮಾನ ಯುರೋಪಿನವರು ಹೆಚ್ಚಾಗಿ ಆ ಕಡೆ ಹೋಗಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಟ್ಟ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. 1819ರ ಜನವರಿಯಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿದರು. ಅಲ್ಲಿನ ಚಳಿ, ಹಸಿರು ನೋಡಿ ಅವರಿಗೆ ತಮ್ಮ ದೇಶವನ್ನೇ ಕಂಡಂತಾಯಿತು. ಮೊದಲು ಕೋತಗಿರಿಯ ಹತ್ತಿರ ಮನೆ, ಆಮೇಲೆ 1822ರಲ್ಲಿ ಊಟಿಯಲ್ಲಿ ಕಲ್ಲುಮನೆ, 1823ರಿಂದ 1825ರ ಹೊತ್ತಿಗೆ ಕೆರೆ. ಇಂದು ಮಕ್ಕಳು ದೋಣಿ ಹತ್ತುವುದು ಇದೇ ಕೆರೆಯಲ್ಲಿ. ಅದು ದೇವರು ಮಾಡಿದ ಸರೋವರವಲ್ಲ, ಕಲೆಕ್ಟರು ಕಟ್ಟಿಸಿದ ಕೆರೆ. ಪೇಟೆ ಬೆಳೆದಂತೆ ಪೇಟೆಯ ಕೊಳಚೆಯೆಲ್ಲ ಅದೇ ಕೆರೆಗೆ ಬಂದು ಸೇರಿತು.

ಸಲ್ಲಿವನ್ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಭೂಮಿಯ ಮೇಲೆ ತೋದರಿಗೆ ಹಕ್ಕಿದೆ, ಅದನ್ನು ಸುಮ್ಮನೆ ಕಿತ್ತುಕೊಳ್ಳಬಾರದು ಎಂದು ವಾದಿಸಿದವರಲ್ಲಿ ಅವರೂ ಒಬ್ಬರು. ಆದರೆ ಅವರು ತೆರೆದ ದಾರಿಯಲ್ಲಿ ಬಂದವರೆಲ್ಲ ಹಾಗೆ ಯೋಚಿಸಲಿಲ್ಲ. ಮೊದಲು ಕಾಯಿಲೆ ಬಿದ್ದ ಸೈನಿಕರು ಬಂದರು. ನಂತರ ಅಧಿಕಾರಿಗಳು, ಅವರ ಸಂಸಾರಗಳು ಬಂದವು. 1847ರಲ್ಲಿ ರಿಚರ್ಡ್ ಬರ್ಟನ್ ಎಂಬ ಸೈನ್ಯಾಧಿಕಾರಿ ಗೋವಾ ನೋಡಿಕೊಂಡು ನೀಲಗಿರಿಗೆ ಬಂದು ಆ ಪ್ರವಾಸದ ಬಗ್ಗೆ ಪುಸ್ತಕವನ್ನೇ ಬರೆದರು. 1870ರ ಹೊತ್ತಿಗೆ ಊಟಿ ಮದ್ರಾಸ್ ಸರ್ಕಾರದ ಬೇಸಗೆ ರಾಜಧಾನಿಯಾಯಿತು. ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯ ಮರದ ತೊಲೆಗಳನ್ನು ಸಾಗಿಸಿ ಹಾಕಿದರು. ಪ್ರವಾಸಕ್ಕೆ ಹೋದ ಮಕ್ಕಳಿಗೆ ಗುಲಾಬಿ ತೋಟಕ್ಕಿಂತ ಮೊದಲು ಈ ತೊಲೆಗಳನ್ನು ತೋರಿಸಿ ಎಂದು ಶಿಕ್ಷಕ ಮಿತ್ರರಲ್ಲಿ ನಮ್ಮ ವಿನಂತಿ. ಸೋತವರ ಅರಮನೆ ಎಲ್ಲಿಗೆ ಹೋಗುತ್ತದೆ ಎಂಬ ಚರಿತ್ರೆಯ ಪಾಠ ಅಲ್ಲಿದೆ.

ಇಷ್ಟು ಜನಕ್ಕೆ ಚಳಿ ಕಾಯಿಸಲು, ಅಡುಗೆ ಮಾಡಲು ಸೌದೆ ಬೇಕಲ್ಲ? ಹತ್ತಿರದ ಶೋಲಾಗಳು ಒಲೆಗೆ ಹೋದವು. ಶೋಲಾ ಮರ ಬೆಳೆಯುವುದು ಬಹಳ ನಿಧಾನ. ಸೌದೆ ಸಾಲದೆ ಹೋದಾಗ ಆಸ್ಟ್ರೇಲಿಯಾದಿಂದ ಬೇಗ ಬೆಳೆಯುವ ನೀಲಗಿರಿ ಮರ, ಅಕೇಶಿಯಾ ತಂದು ನೆಟ್ಟರು. 1840ರ ದಶಕದಲ್ಲಿ ಆರಂಭವಾದ ಈ ಕೆಲಸ ಸ್ವಾತಂತ್ರ್ಯದ ನಂತರವೂ ನಡೆಯಿತು. ಹುಲ್ಲುಗಾವಲಿನ ದೊಡ್ಡ ಭಾಗ ತೋಪುಗಳ ಅಡಿಗೆ ಹೋಯಿತು. ತಮಾಷೆ ಏನೆಂದರೆ, ನಾವು ಕನ್ನಡಿಗರು ಆ ಪರದೇಶದ ಮರವನ್ನೇ "ನೀಲಗಿರಿ ಮರ" ಎಂದು ಕರೆಯುತ್ತೇವೆ! ನೀಲಗಿರಿಗೆ ಅದು ಬಂದ ನೆಂಟ, ಮನೆಯವನಲ್ಲ.

ಬೇಟೆಗಾರರೇ ಬರೆಸಿದ ಕಾನೂನು

ಅಂದಿನ ಪ್ರವಾಸಿಗೆ ಮುಖ್ಯ ಮನರಂಜನೆ ಬೇಟೆ. ಕುದುರೆ ಏರಿ, ನಾಯಿಗಳ ಹಿಂಡು ಬಿಟ್ಟು ಹುಲ್ಲುಗಾವಲಿನಲ್ಲಿ ನರಿ ಓಡಿಸುವುದು ಒಂದು ಆಟ. ಬಂಡೆಗಳ ಮೇಲೆ ಬಾಳುವ ಕಾಡು ಆಡನ್ನು, ತಮಿಳಿನಲ್ಲಿ ವರೈಯಾಡು ಎನ್ನುವ ಪ್ರಾಣಿಯನ್ನು, ಹೊಡೆಯುವುದು ದೊಡ್ಡ ಗೌರವ. ಹೆಣ್ಣು, ಮರಿ ಎಂದು ನೋಡದೆ ಹೊಡೆದರು. ಐವತ್ತು ವರ್ಷ ಕಳೆಯುವಷ್ಟರಲ್ಲಿ ಹೊಡೆಯಲು ಪ್ರಾಣಿಯೇ ಕಡಿಮೆಯಾಯಿತು.

ಆಗ ಬೇಟೆಗಾರರಿಗೇ ಗಾಬರಿಯಾಯಿತು. 1877ರಲ್ಲಿ ನೀಲಗಿರಿ ಬೇಟೆ ಪ್ರಾಣಿ ಮತ್ತು ಮೀನು ಸಂರಕ್ಷಣಾ ಸಂಘ ಹುಟ್ಟಿತು. 1879ರಲ್ಲಿ ಅದಕ್ಕಾಗಿಯೇ ಮದ್ರಾಸ್ ಸರ್ಕಾರ ಒಂದು ಕಾನೂನು ತಂದಿತು. ಇಂಥ ತಿಂಗಳಲ್ಲಿ ಬೇಟೆಯಾಡಬಾರದು, ಬೇಟೆಗೆ ಹಣ ಕಟ್ಟಿ ಪರವಾನಗಿ ಪಡೆಯಬೇಕು ಎಂಬ ವ್ಯವಸ್ಥೆ ಬಂತು. ನಮ್ಮ ದೇಶದಲ್ಲಿ ಕಾಡುಪ್ರಾಣಿ ರಕ್ಷಣೆಯ ಮೊದಮೊದಲ ಕಾನೂನುಗಳಲ್ಲಿ ಇದೂ ಒಂದು.

ಈ ಕಾನೂನನ್ನು ಎರಡು ರೀತಿ ನೋಡಬಹುದು. ಒಂದು, ಮಿತಿ ಎಂಬುದು ಬೇಕು ಎಂದು ಒಪ್ಪಿಕೊಂಡದ್ದು ಒಳ್ಳೆಯದೇ. ಎರಡು, ಪ್ರಾಣಿಯನ್ನು ಮುಗಿಸಿದವರು ಬಂದೂಕಿನವರು, ಆದರೆ ಹಣ ಕೊಟ್ಟು ಪರವಾನಗಿ ಪಡೆಯಬಲ್ಲವರೂ ಅವರೇ. ಬಲೆ, ಉರುಲು ಹಾಕಿ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ ಬೆಟ್ಟದವರು ಮಾತ್ರ ಒಂದೇ ದಿನದಲ್ಲಿ ಕಳ್ಳರಾದರು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

ಅದೇ ಸಂಘದಿಂದ ಒಳ್ಳೆಯವರೂ ಬಂದರು. ಕೂನೂರಿನ ವಕೀಲ ಇ.ಆರ್.ಸಿ. ದಾವಿದಾರ್ ಮೊದಲು ಬೇಟೆಗಾರರು, ಆಮೇಲೆ ಬಂದೂಕು ಬಿಟ್ಟು ಕ್ಯಾಮೆರಾ ಹಿಡಿದವರು. 1960ರ ದಶಕದಲ್ಲಿ ಬಂಡೆ ಬಂಡೆ ಹತ್ತಿ ವರೈಯಾಡುಗಳ ಎಣಿಕೆ ಮಾಡಿದರು, ಆನೆಗಳು ನಡೆಯುವ ದಾರಿಗಳನ್ನು ಗುರುತಿಸಿದರು. ತಮಿಳುನಾಡು ಸರ್ಕಾರ ಅಕ್ಟೋಬರ್ 7ನ್ನು ಅವರ ನೆನಪಿನಲ್ಲಿ ವರೈಯಾಡು ದಿನವಾಗಿ ಆಚರಿಸುತ್ತದೆ. ಆ ಪ್ರಾಣಿ ರಾಜ್ಯದ ಪ್ರಾಣಿಯೂ ಹೌದು. 2024ರಲ್ಲಿ ತಮಿಳುನಾಡಿನಲ್ಲಿ ನಡೆದ ಎಣಿಕೆಯಲ್ಲಿ 1,031 ಸಿಕ್ಕವು. ಒಂದು ಇಡೀ ರಾಜ್ಯದಲ್ಲಿ ಅಷ್ಟೇ!

1940ರಲ್ಲಿ ಮುದುಮಲೆ ವನ್ಯಧಾಮವಾಯಿತು. 1972ರ ಕಾನೂನು ಬೇಟೆಗೆ ಕೊನೆ ಹಾಡಿತು. 1986ರಲ್ಲಿ ನೀಲಗಿರಿ, ವಯನಾಡು, ಬಂಡೀಪುರ, ನಾಗರಹೊಳೆ, ಮೌನ ಕಣಿವೆ ಇವೆಲ್ಲ ಸೇರಿದ 5,520 ಚದರ ಕಿ.ಮೀ. ಪ್ರದೇಶ ದೇಶದ ಮೊದಲ ಜೀವಗೋಳ ಮೀಸಲು ಪ್ರದೇಶವಾಯಿತು. ಕಾಡಿಗೆ ರಾಜ್ಯದ ಗಡಿ ಇಲ್ಲ ಎಂಬುದನ್ನು ಸರ್ಕಾರಗಳೇ ಒಪ್ಪಿಕೊಂಡ ಕಾಗದ ಅದು. ಗಡಿಯಾಚೆ ಬಾಳುವ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. 1990ರಲ್ಲಿ ಮುಕುರ್ತಿ ರಾಷ್ಟ್ರೀಯ ಉದ್ಯಾನವಾಯಿತು. ತೋದರು ಸಾವಿರ ವರ್ಷ ಭಕ್ತಿಯಿಂದ ಕಾಯ್ದದ್ದನ್ನು ಕಾಯಲು ಈಗ ಬೇಲಿ, ಗಾರ್ಡು ಬೇಕಾಯಿತು.

ರೈಲು, ಬಸ್ಸು, ಸಿನಿಮಾ

ಬಂದೂಕು ಹೋಯಿತು, ಚಕ್ರ ಬಂತು. ಮೇಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ, ಅಲ್ಲಿಂದ ಊಟಿಗೆ 1908ರಲ್ಲಿ ಬೆಟ್ಟದ ರೈಲು ಓಡಿತು. 46 ಕಿ.ಮೀ. ದೂರದ ಈ ಹಳಿಗೆ 2005ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ಸ್ವಾತಂತ್ರ್ಯದ ನಂತರ ರಸ್ತೆಗಳು ಅಗಲವಾದವು. ತಮಿಳು, ಕನ್ನಡ, ಹಿಂದಿ ಸಿನಿಮಾಗಳ ಹಾಡುಗಳು ಊಟಿಯ ಹುಲ್ಲಿನ ಮೇಲೆ, ಪೈನ್ ತೋಪಿನಲ್ಲಿ ಕುಣಿದವು. ಸಾಹೇಬರ ಊರು ಸಾಮಾನ್ಯರ ಊರಾಯಿತು. ಇದು ಬಹಳ ಸಂತೋಷದ ವಿಷಯವೇ. ಕೂಲಿ ಮಾಡುವವರ ಮಗಳೂ ದೊಡ್ಡಬೆಟ್ಟದ ಮೇಲೆ ನಿಂತು ಮೋಡ ಮುಟ್ಟುವಂತಾಯಿತು. ಪ್ರವಾಸ ಉಳ್ಳವರ ಸೊತ್ತಾಗಿಯೇ ಉಳಿಯಬೇಕಿತ್ತು ಎಂದು ನಾವು ಯಾವತ್ತೂ ಹೇಳುವುದಿಲ್ಲ.

ಆದರೆ ಬಸ್ಸಿನ ಜತೆ ಪ್ಲಾಸ್ಟಿಕ್ ಬಂತು. 2000ದ ಹೊತ್ತಿಗೆ ನೀಲಗಿರಿಯ ಕಣಿವೆಗಳಲ್ಲಿ ಚೀಲ, ಲೋಟ, ಬಾಟಲಿ ರಾಶಿ ಬಿದ್ದಿದ್ದವು. ಆಗ ಕಲೆಕ್ಟರ್ ಆಗಿದ್ದ ಸುಪ್ರಿಯಾ ಸಾಹು ನೀಲಿ ಬೆಟ್ಟದ ಹೆಸರಿನಲ್ಲಿ ಒಂದು ಆಂದೋಲನ ಶುರು ಮಾಡಿ ಪ್ಲಾಸ್ಟಿಕ್ ಚೀಲಗಳನ್ನು ಜಿಲ್ಲೆಯಿಂದ ಹೊರಗಿಟ್ಟರು. ದೇಶದಲ್ಲಿ ಅನೇಕರು ಪ್ಲಾಸ್ಟಿಕ್ ನಿಷೇಧದ ಮಾತೇ ಆಡದಿದ್ದ ಕಾಲ ಅದು. 2019ರ ಜನವರಿ 1ರಿಂದ ತಮಿಳುನಾಡು ಪೂರ್ತಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧವಾಯಿತು. ಅದೇ ವರ್ಷ ನೀಲಗಿರಿಯಲ್ಲಿ ಕುಡಿಯುವ ನೀರಿನ ಚಿಕ್ಕ ಬಾಟಲಿಗಳನ್ನೂ ತಡೆದು ರಸ್ತೆ ಬದಿಯಲ್ಲಿ ನೀರಿನ ಯಂತ್ರಗಳನ್ನು ಇಟ್ಟರು. ಇಷ್ಟಾದರೂ ಸೀಟಿನ ಕೆಳಗೆ ಬಚ್ಚಿಟ್ಟುಕೊಂಡು ಹೋಗುವವರು ಇದ್ದೇ ಇದ್ದಾರೆ. ಚೆಕ್‌ಪೋಸ್ಟಿನಲ್ಲಿ ತಪ್ಪಿಸಿಕೊಂಡ ಬಾಟಲಿ ಕೊನೆಗೆ ಹೋಗುವುದು ಜಿಂಕೆಯ ಹೊಟ್ಟೆಗೋ ಹೊಳೆಯ ಬಾಯಿಗೋ.

ಆನೆ ದಾರಿಯಲ್ಲಿ ರೆಸಾರ್ಟು

ನೀಲಗಿರಿಯ ಉತ್ತರದ ತಪ್ಪಲು ಸೀಗೂರು ಪ್ರಸ್ಥಭೂಮಿ. ಮಸಿನಗುಡಿ, ಬೊಕ್ಕಾಪುರ, ಮಾವನಹಳ್ಳ ಇವೆಲ್ಲ ಅಲ್ಲಿನ ಊರುಗಳು. ಒಂದು ಕಡೆ ಎತ್ತರದ ಬೆಟ್ಟದ ಗೋಡೆ, ಇನ್ನೊಂದು ಕಡೆ ಮೋಯಾರ್ ಕಮರಿ. ಮುದುಮಲೆಯಿಂದ ನಮ್ಮ ಸತ್ಯಮಂಗಲದ ಕಾಡಿಗೆ ಬರುವ ಆನೆಗಳಿಗೆ ನಡುವಿನ ಈ ಪಟ್ಟಿ ಬಿಟ್ಟರೆ ಬೇರೆ ದಾರಿ ಕಷ್ಟ. ಅಂದರೆ ನಮ್ಮ ತಾಳವಾಡಿ, ಹಾಸನೂರು ಕಡೆ ನೋಡುವ ಆನೆಗೂ ಮಸಿನಗುಡಿಯ ಆನೆಗೂ ನೆಂಟಸ್ತಿಕೆ ಇದೆ.

"ಕಾಡಿನೊಳಗೆ ತಂಗಿ, ಬಾಗಿಲಲ್ಲೇ ಆನೆ ನೋಡಿ" ಎಂಬ ಆಸೆ ತೋರಿಸಿ ಅಲ್ಲಿ ರೆಸಾರ್ಟುಗಳು ಎದ್ದವು. ಬೇಲಿ ಹಾಕಿದರು, ರಾತ್ರಿ ದೀಪ ಉರಿಸಿದರು. 2010ರಲ್ಲಿ ಸರ್ಕಾರ ಅದನ್ನು ಆನೆ ಪಥ ಎಂದು ಘೋಷಿಸಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹಲವು ರೆಸಾರ್ಟುಗಳಿಗೆ ಬೀಗ ಹಾಕಿಸಿತು. 2020ರ ಅಕ್ಟೋಬರ್ 14ರಂದು ಅಂತಿಮವಾಗಿ ಆನೆ ಪಥವನ್ನು ಎತ್ತಿಹಿಡಿಯಿತು.

ಅದಾಗಿ ಮೂರು ತಿಂಗಳಿಗೆ, 2021ರ ಜನವರಿಯಲ್ಲಿ, ಮಸಿನಗುಡಿಯ ಹತ್ತಿರ ಒಂದು ಗಂಡಾನೆ ಸತ್ತಿತು. ಪ್ರವಾಸಿಗರು ತಂಗುವ ಜಾಗದ ಹತ್ತಿರ ಬಂದ ಅದರ ಮೇಲೆ ಉರಿಯುವ ಟೈರು ಎಸೆದಿದ್ದರು. ಬೆಂಕಿ ಕಿವಿಗೆ ಅಂಟಿಕೊಂಡು ಆನೆ ಕೂಗುತ್ತಾ ಓಡುವ ದೃಶ್ಯವನ್ನು ಇಡೀ ದೇಶ ಮೊಬೈಲಿನಲ್ಲಿ ನೋಡಿತು. ಆ ಆನೆಯನ್ನು ಶುಶ್ರೂಷೆ ಮಾಡಿದ್ದ ಅರಣ್ಯ ಸಿಬ್ಬಂದಿಯೊಬ್ಬರು ಅದರ ಸೊಂಡಿಲು ಹಿಡಿದು ಅತ್ತದ್ದನ್ನೂ ನೋಡಿತು. ಒಂದೇ ಊರು, ಒಂದೇ ಆನೆ, ಎರಡು ಬಗೆಯ ಮನುಷ್ಯರು. ಯಾವ ಬಗೆಯವರಾಗಬೇಕು ಎಂದು ಮಕ್ಕಳಿಗೆ ಬೇರೆ ನೀತಿ ಹೇಳಬೇಕಾಗಿಲ್ಲ.

2023ರಲ್ಲಿ ತೆಪ್ಪಕಾಡು ಆನೆ ಶಿಬಿರದ ಬೊಮ್ಮನ್, ಬೆಳ್ಳಿ ದಂಪತಿಗಳ ಕುರಿತ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂದಾಗ ಶಿಬಿರಕ್ಕೆ ಜನ ಮುಗಿಬಿದ್ದರು. ಆ ದಂಪತಿಗಳು ಕಾಟ್ಟುನಾಯಕರು. ಅವರ ಮಾತಿನಲ್ಲಿ ಕನ್ನಡದ ಸೊಗಡು ಕೇಳುತ್ತದೆ. ತಾಯಿಯಿಲ್ಲದ ಆನೆಮರಿಯನ್ನು ಮಗುವಿನಂತೆ ಸಾಕಿದವರನ್ನು ನೋಡಲು ಹೋದವರಲ್ಲಿ ಎಷ್ಟು ಜನ ಅವರ ಬದುಕಿನ ಬಗ್ಗೆ ವಿಚಾರಿಸಿದರೋ, ಎಷ್ಟು ಜನ ಬರೀ ಫೋಟೋ ತೆಗೆದುಕೊಂಡು ಬಂದರೋ!

ಕುರಂಗಣಿಯ ಬೆಂಕಿ

ಇತ್ತೀಚಿನ ವರ್ಷಗಳಲ್ಲಿ ಚಾರಣದ ಹವ್ಯಾಸ ಹೆಚ್ಚಿದೆ. ನಡೆದು ಕಾಡು ನೋಡುವುದು ವಾಹನದಲ್ಲಿ ನೋಡುವುದಕ್ಕಿಂತ ಒಳ್ಳೆಯದೇ. ಆದರೆ ಅದಕ್ಕೂ ಕಾಲ, ದಾರಿ, ದಾರಿ ತಿಳಿದವರು ಬೇಕು. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಬಿಟ್ಟರು. ಹೆಚ್ಚಿನವರು ಪಟ್ಟಣಗಳಲ್ಲಿ ಕೆಲಸ ಮಾಡುವ ಹರೆಯದವರು, ಅವರಲ್ಲಿ ಹೆಣ್ಣುಮಕ್ಕಳು ಬಹಳ. ಮಾರ್ಚಿಯಲ್ಲಿ ಒಣಹುಲ್ಲು ಆಳೆತ್ತರ ನಿಂತಿರುತ್ತದೆ, ಗಾಳಿ ಬಂದರೆ ಬೆಂಕಿ ಮನುಷ್ಯನಿಗಿಂತ ವೇಗವಾಗಿ ಗುಡ್ಡ ಹತ್ತುತ್ತದೆ. ಇದು ನಮ್ಮ ಸೋಲಿಗರ, ಊರಾಳಿಗಳ ಮನೆಯ ಚಿಕ್ಕ ಮಗುವಿಗೂ ಗೊತ್ತು. ಗೊತ್ತಿದ್ದವರೊಬ್ಬರು ಜತೆಗಿದ್ದು ಬೇಡವೆಂದಿದ್ದರೆ!

ಅದೇ ವರ್ಷ ರಾಜ್ಯ ಸರ್ಕಾರ ಚಾರಣಕ್ಕೆ ನಿಯಮಗಳನ್ನು ತಂದಿತು. 2024ರ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯೇ 40 ಚಾರಣ ದಾರಿಗಳನ್ನು ತೆರೆಯಿತು. ಸ್ಥಳೀಯ ಬುಡಕಟ್ಟಿನ ಯುವಕ ಯುವತಿಯರೇ ಮಾರ್ಗದರ್ಶಕರು. ಬೆಂಕಿಯ ಕಾಲದಲ್ಲಿ ದಾರಿ ಮುಚ್ಚುತ್ತಾರೆ. ಕಾಡು ಬಲ್ಲವರ ಬಲ್ಮೆಗೆ ಸಂಬಳ ಸಿಗುವ ಈ ವ್ಯವಸ್ಥೆ ನಮಗೆ ಬಹಳ ಹಿಡಿಸಿತು. 1879ರ ಕಾನೂನು ಬೆಟ್ಟದವರನ್ನು ಹೊರಗಿಟ್ಟಿತ್ತು, ಇದು ಅವರನ್ನು ಮುಂದೆ ನಡೆಸುತ್ತದೆ.

ದಿಂಬಂ ಘಾಟಿಯೂ ನಾವೂ

ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ. ಸತ್ಯಮಂಗಲದ ಕಾಡು 2008ರಲ್ಲಿ ವನ್ಯಧಾಮ, 2013ರಲ್ಲಿ ಹುಲಿ ಮೀಸಲು ಪ್ರದೇಶ ಆಯಿತು. ವಿಸ್ತೀರ್ಣ ಸುಮಾರು 1,400 ಚದರ ಕಿ.ಮೀ. ಒಂದು ಕಾಲದಲ್ಲಿ ಈ ಕಾಡಿನ ಹೆಸರು ಕೇಳಿದರೆ ಜನ ವೀರಪ್ಪನ್ ಹೆಸರು ಹೇಳುತ್ತಿದ್ದರು. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ಅವನು ಅಪಹರಿಸಿದ್ದು ನಮ್ಮ ದೊಡ್ಡಗಾಜನೂರಿನಿಂದಲೇ. ಆ ಭಯದ ದಿನಗಳಲ್ಲಿ ಪ್ರವಾಸಿಗರು ಈ ಕಡೆ ತಲೆ ಹಾಕಿದ್ದು ಕಡಿಮೆ. 2004ರ ನಂತರ ಭಯ ಹೋಯಿತು. 2022ರ ಜನವರಿಯಲ್ಲಿ ಹುಲಿಗಳ ಸಂಖ್ಯೆ ಎರಡು ಪಟ್ಟಾದದ್ದಕ್ಕೆ ಸತ್ಯಮಂಗಲಕ್ಕೆ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು.

ಅದರ ಮುಂದಿನ ತಿಂಗಳು, ಫೆಬ್ರವರಿ 10ರಿಂದ, ಹೈಕೋರ್ಟ್ ಆದೇಶದಂತೆ 27 ತಿರುವುಗಳ ದಿಂಬಂ ಘಾಟಿಯಲ್ಲಿ ರಾತ್ರಿ ವಾಹನಗಳಿಗೆ ತಡೆ ಬಂತು. ರಸ್ತೆಯಲ್ಲಿ ಪ್ರಾಣಿಗಳು ಸಾಯುತ್ತಿದ್ದುದು ನಿಜ, ತಡೆ ಬೇಕಿತ್ತು ಎಂಬುದೂ ನಿಜ. ಆದರೆ ಸಂಜೆ ಕೊಯ್ದ ತರಕಾರಿ ಬೆಳಗ್ಗೆ ಮಂಡಿಗೆ ಸೇರಬೇಕಾದ ತಾಳವಾಡಿಯ ರೈತ ಏನು ಮಾಡಬೇಕು? ರಾತ್ರಿ ಕಾಯಿಲೆಯಾದವರ ಗತಿ ಏನು ಎಂದು ಊರವರು ಹೆದರಿದರು. ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಏಪ್ರಿಲ್‌ನಲ್ಲಿ ಸ್ಥಳೀಯರ ವಾಹನಗಳಿಗೆ ಪಾಸಿನ ಅನುಕೂಲ ಸಿಕ್ಕಿತು, ಅತಿ ಭಾರದ ಲಾರಿಗಳಿಗೆ ತಡೆ ಉಳಿಯಿತು. ಕಾಡನ್ನೂ ಊರನ್ನೂ ಕೂರಿಸಿ ಮಾತನಾಡಿದರೆ ದಾರಿ ಇದೆ ಎಂಬುದಕ್ಕೆ ಇದು ಒಂದು ಉದಾಹರಣೆ.

ನಾವು ಹೇಳಬೇಕೆಂದಿರುವುದು ಇಷ್ಟೇ. ಕಾಡಿನ ಹೆಸರಿನಲ್ಲಿ ಕಷ್ಟ ಹೊರುವುದರಲ್ಲಿ ಕಾಡಂಚಿನವರು ಯಾವಾಗಲೂ ಮೊದಲಿಗರು. ಆನೆ ತುಳಿದ ಜೋಳದ ಹೊಲ ಅವರದು, ಚಿರತೆ ಹೊತ್ತ ಆಡು ಅವರದು. ಎರಡು ದಿನಕ್ಕೆ ಬಂದು ಹೋಗುವವನಿಗೆ ಕಾಡು ಮಜಾ, ಇಲ್ಲಿರುವವನಿಗೆ ಅದೇ ಬಾಳು. ಇದನ್ನು ಅನುಭವಿಸಿ ಬಲ್ಲ ನಮ್ಮ ಮಕ್ಕಳೇ ಮಸಿನಗುಡಿಯ ರಸ್ತೆಯಲ್ಲಿ ಬಸ್ಸಿನಿಂದ ಆನೆಗೆ ಕೂಗು ಹಾಕಿದರೆ ಅದಕ್ಕಿಂತ ನಾಚಿಕೆಗೇಡು ಬೇರೆ ಇಲ್ಲ.

ಲೆಕ್ಕ ಹಾಕುವ ಕಾಲ

2024ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಒಂದು ಲೆಕ್ಕ ಬಂತು. ಸೀಸನ್ನಿನಲ್ಲಿ ದಿನಕ್ಕೆ ಸುಮಾರು 20,000 ವಾಹನ ನೀಲಗಿರಿ ಹತ್ತುತ್ತವೆ ಎಂದು. ಆ ವರ್ಷ ಮೇ 7ರಿಂದ ನೀಲಗಿರಿಗೂ ಕೊಡೈಕಾನಲ್ಲಿಗೂ ಇ-ಪಾಸ್ ಬಂತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ಶನಿವಾರ ಭಾನುವಾರ 8,000 ವಾಹನ ಎಂದು ಮಿತಿ ಇಟ್ಟರು. ಸರ್ಕಾರಿ ಬಸ್ಸುಗಳಿಗೂ ಸ್ಥಳೀಯರ ವಾಹನಗಳಿಗೂ ಇದರಿಂದ ವಿನಾಯಿತಿ. ವ್ಯಾಪಾರಿಗಳು ಹೊಟ್ಟೆಪಾಡಿನ ಮಾತೆತ್ತಿ ವಿರೋಧಿಸಿದರು, ಅದೂ ಸುಳ್ಳಲ್ಲ. ಆದರೆ ಬೆಟ್ಟಕ್ಕೆ ಹೊರುವ ಶಕ್ತಿ ಎಷ್ಟು ಎಂದು ಕೇಳಿದ್ದು ಮಾತ್ರ ಒಳ್ಳೆಯ ಪ್ರಶ್ನೆ. ಎತ್ತಿನ ಗಾಡಿಗೆ ಎಷ್ಟು ಮೂಟೆ ಹೇರಬೇಕು ಎಂದು ನಮ್ಮ ಹಿರಿಯರು ಎತ್ತಿನ ಮುಖ ನೋಡಿ ಹೇಳುತ್ತಿದ್ದರು.

ಇನ್ನೂರು ವರ್ಷದ ಈ ಕಥೆಯಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಪ್ರಾಣಿ ಮುಗಿಯುತ್ತಾ ಬಂದ ಮೇಲೆ ಬೇಟೆ ಕಾನೂನು. ಕಣಿವೆ ತುಂಬಿದ ಮೇಲೆ ಪ್ಲಾಸ್ಟಿಕ್ ನಿಷೇಧ. ಜನ ಸುಟ್ಟು ಸತ್ತ ಮೇಲೆ ಚಾರಣ ನಿಯಮ. ಪ್ರತಿ ಸಲವೂ ನಷ್ಟ ಮೊದಲು, ಬುದ್ಧಿ ಆಮೇಲೆ. ಈ ಕ್ರಮವನ್ನು ತಿರುಗಿಸಬಲ್ಲದ್ದು ಶಾಲೆ ಒಂದೇ. ಏಕೆಂದರೆ ಕಾನೂನು ತಪ್ಪಾದ ಮೇಲೆ ಬರುತ್ತದೆ, ಪಾಠ ತಪ್ಪಿಗಿಂತ ಮೊದಲು ಬರುತ್ತದೆ.

ನಮ್ಮ ಶಾಲಾ ಪ್ರವಾಸಕ್ಕೆ ಕೆಲವು ಸೂಚನೆಗಳು

1. ಹೊರಡುವ ಹಿಂದಿನ ವಾರ ನಕ್ಷೆ ಹರಡಿ ದಾರಿಯ ಪಾಠ ಮಾಡಿ. ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು, ಗೂಡಲೂರು: ಪ್ರತಿ ಊರಿಗೂ ಒಂದು ಕಥೆ ಇದೆ.

2. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ. ಗೇಟಿನಲ್ಲಿ ಕಾಯುವಾಗ ಮಕ್ಕಳಿಗೆ ಬೇಸರವಾದರೆ ಏಕೆ ಕಾಯುತ್ತಿದ್ದೇವೆ ಎಂದು ಹೇಳಿ. ಒಳಗೆ ನಡೆಯುವವರ ಸರದಿ ಅದು.

3. ಪ್ರತಿ ಮಗುವಿಗೂ ಸ್ಟೀಲ್ ತಟ್ಟೆ, ಲೋಟ, ನೀರಿನ ಬಾಟಲಿ ಮನೆಯಿಂದಲೇ ಇರಲಿ. ಬುತ್ತಿಗೆ ಚಿತ್ರಾನ್ನ, ಚಪಾತಿ ಸಾಕು. ಚಿಪ್ಸ್ ಪೊಟ್ಟಣ ಊರಿನಲ್ಲೇ ಬಿಡಿ.

4. ಕಾಡಿನೊಳಗೆ ಬಸ್ಸು ನಿಲ್ಲಿಸಬೇಡಿ, ಹಾಡು ಹಾಕಬೇಡಿ, ಕೋತಿಗೆ ತಿನ್ನಲು ಕೊಡಬೇಡಿ. ಕೊಟ್ಟು ರೂಢಿಯಾದ ಕೋತಿ ರಸ್ತೆಗೆ ಬಂದು ಚಕ್ರಕ್ಕೆ ಸಿಗುತ್ತದೆ.

5. ಕುರಿಂಜಿ ಹೂವು ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ. 2018ರಲ್ಲಿ ಅರಳಿತ್ತು. ಹೂ ಕೀಳುವುದೆಂದರೆ ಬೀಜ ಕೀಳುವುದು ಎಂದು ಹೇಳಿಕೊಡಿ. ಈಗಿನ ಆರನೇ ತರಗತಿಯ ಮಗು 2030ರ ಹೊತ್ತಿಗೆ ಅದನ್ನು ನೋಡಬೇಕಲ್ಲ.

6. ತೋದರ ಮಂದಿಗೆ ಹೋದರೆ ಅಪ್ಪಣೆ ಕೇಳಿ ಹೋಗಿ. ಅದು ಮನೆ, ವಸ್ತುಸಂಗ್ರಹಾಲಯವಲ್ಲ. ಬಡಗ ಅಜ್ಜಿಯೊಬ್ಬರು ಸಿಕ್ಕರೆ ಕನ್ನಡದಲ್ಲೇ ನಮಸ್ಕಾರ ಹೇಳಿ ಮಾತನಾಡಿಸಿ. ಎರಡು ಮಾತುಗಳ ನಂಟು ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

7. ಸಾಧ್ಯವಾದರೆ ಸರ್ಕಾರಿ ಬಸ್ಸಿನಲ್ಲಿ, ರೈಲಿನಲ್ಲಿ ಹೋಗಿ. ಮೇ ತಿಂಗಳ ಜಾತ್ರೆ ಬಿಟ್ಟು ಬೇರೆ ತಿಂಗಳು ಆರಿಸಿ.

8. ಮರಳಿದ ಮೇಲೆ ಒಂದು ಪ್ರಬಂಧ ಬರೆಸಿ. "ನಾನು ನೋಡಿದ ಊಟಿ" ಎಂಬ ಹಳೆಯ ವಿಷಯ ಬೇಡ. "ನಾವು ಬಂದು ಹೋದದ್ದು ಬೆಟ್ಟಕ್ಕೆ ತಿಳಿಯಿತೇ?" ಎಂದು ಬರೆಸಿ. ತಿಳಿಯಲಿಲ್ಲ ಎಂದು ಮಗು ಕಾರಣ ಸಮೇತ ಬರೆದರೆ ಪೂರ್ತಿ ಅಂಕ ಕೊಡಬಹುದು.

ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ, ಅನುಕೂಲ ಕಡಿಮೆ. ಆದರೆ ಕಾಡಿನ ಜತೆ ಬಾಳುವ ವಿದ್ಯೆಯಲ್ಲಿ ನಮ್ಮ ಮಕ್ಕಳು ಯಾವ ದೊಡ್ಡ ಪಟ್ಟಣದ ಶಾಲೆಗೂ ಕಡಿಮೆ ಇಲ್ಲ. ಆ ವಿದ್ಯೆಯನ್ನು ಬಸ್ಸು ಹತ್ತುವಾಗ ಮನೆಯಲ್ಲಿ ಬಿಟ್ಟು ಹೋಗದಿರಲಿ. ಈ ವರ್ಷ ಪ್ರವಾಸಕ್ಕೆ ಹೊರಡುವ ಎಲ್ಲ ಶಾಲೆಗಳಿಗೂ ಶುಭವಾಗಲಿ.